ಉಂಡ ಮನೆಯ ಜಂತೆ

ಫೋನ್ ಮಾಡಿದಾಕೆ ಮೊದಲು ಸ್ಯಾಂಪಲ್ ನಂಬರ್ ಓದಿದಳು. ಆಮೇಲೆ ನನ್ನ ಹೆಸರನ್ನು ಮೂರು ತುಂಡು ಮಾಡಿ ಓದಿದಳು. ‘ಎರಡು ಜೊತೆ ಬಟ್ಟೆ, ಚಾರ್ಜರ್, ಬ್ರಷ್ಷು ಇಟ್ಟುಕೊಳ್ಳಿ. ಸಂಜೆಯೊಳಗೆ ಗಾಡಿ ಬರುತ್ತೆ’ ಅಂದಳು. ಪಾಸಿಟಿವ್ ಅನ್ನುವ ಪದವನ್ನೇ ಆಡಲಿಲ್ಲ. ನಾನೇ ಕೇಳಿ ಹೇಳಿಸಿಕೊಳ್ಳಬೇಕಾಯಿತು.

‘ಎಲ್ಲಿಗೆ ಕರೆದುಕೊಂಡು ಹೋಗ್ತೀರಿ?’

‘ಪೆಂಟೆಕೋಸ್ಟ್ ಕನ್ವೆನ್ಷನ್ ಸೆಂಟರ್. ಗೋಮೋವಾ ಫೆತ್ತೆ.’

ಆಸ್ಪತ್ರೆ ಅಂದುಕೊಂಡಿದ್ದವನಿಗೆ ಚರ್ಚಿನ ಹೆಸರು ಕೇಳಿ ಹೊಟ್ಟೆ ಕಿವುಚಿದ ಹಾಗಾಯಿತು.

ಅದು 2020ರ ಮೇ ತಿಂಗಳು. ನಾನು ತುಮಕೂರಿನ ಕಡೆಯವನು. ಘಾನಾದ ತೆಮಾ ಅನ್ನುವ ಬಂದರು ಊರಿನಲ್ಲಿ ಪ್ಲಾಸ್ಟಿಕ್ ಕಾರ್ಖಾನೆಯೊಂದರ ಮೆಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ತೆಮಾದ ಮೀನಿನ ಕಾರ್ಖಾನೆಯೊಂದರಲ್ಲಿ ಒಬ್ಬನಿಂದ 533 ಜನಕ್ಕೆ ಕೊರೊನಾ ಹತ್ತಿದೆ ಅಂತ ಆ ತಿಂಗಳು ಅಧ್ಯಕ್ಷ ಅಕುಫೊ-ಅಡೊ ಟಿವಿಯಲ್ಲಿ ಹೇಳಿದ್ದರು. ನಮ್ಮದು ಆ ಕಾರ್ಖಾನೆಯಲ್ಲ. ಆದರೂ ಅದೇ ವಾರ ನಮ್ಮ ಗೇಟಿಗೂ ಗೌನು ಹಾಕಿಕೊಂಡವರು ಬಂದು ಎಲ್ಲರ ಮೂಗಿಗೂ ಕಡ್ಡಿ ಹಾಕಿದರು. ರಿಸಲ್ಟ್ ಬರಲು ಎಂಟು ದಿನ. ಅಷ್ಟರಲ್ಲಿ ನನಗೆ ಸಣ್ಣ ಜ್ವರ ಬಂದು ಹೋಗಿತ್ತು. ಹೋದ ವಾಸನೆ ಮಾತ್ರ ವಾಪಸ್ ಬಂದಿರಲಿಲ್ಲ. ಒಗ್ಗರಣೆ ಸೀದು ಅಡುಗೆಮನೆ ಹೊಗೆಯಾದರೂ ಕಣ್ಣು ಉರಿದ ಮೇಲೇ ಗೊತ್ತಾಗುತ್ತಿತ್ತು.

ಪೆಂಟೆಕೋಸ್ಟಲ್ ಅನ್ನುವ ಕ್ರೈಸ್ತ ಪಂಗಡ ಅಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಸದ್ದು. ನನ್ನ ಬಾಡಿಗೆ ಮನೆಯ ಹಿಂದೆ ತಗಡಿನ ಸೂರಿನ ಚರ್ಚೊಂದಿತ್ತು. ಶುಕ್ರವಾರ ಬಂತೆಂದರೆ ರಾತ್ರಿಯಿಡೀ ಮೈಕು. ಡ್ರಮ್ಮು, ಕೂಗು, ಪವಿತ್ರಾತ್ಮ ಆಡಿಸುತ್ತೆ ಅಂತ ಅವರು ನಂಬುವ, ಕೇಳಿದವರಿಗೆ ಅರ್ಥವಾಗದ ‘ಅನ್ಯಭಾಷೆ’. ನಮ್ಮ ಕಡೆ ಜಾತ್ರೆಯಲ್ಲಿ ಮೈಮೇಲೆ ದೇವರು ಬಂದವರು ನೆನಪಾಗುತ್ತಿದ್ದರು. ಒಂದು ರಾತ್ರಿಯಾದರೆ ಭಕ್ತಿ, ವರ್ಷದಲ್ಲಿ 50 ರಾತ್ರಿಯಾದರೆ ತಲೆನೋವು. ಇನ್ನು ರಸ್ತೆಯ ಕಂಬಗಳ ತುಂಬ ಪ್ರವಾದಿಗಳ ಪೋಸ್ಟರು. ವೀಸಾ ಆಗುತ್ತೆ, ಮದುವೆ ಆಗುತ್ತೆ, ಸಾಲ ತೀರುತ್ತೆ. ಆ ದೇಶದಲ್ಲಿ ಪೆಂಟೆಕೋಸ್ಟಲ್ ಮತ್ತು ಅದೇ ತರದ ಕ್ಯಾರಿಸ್ಮ್ಯಾಟಿಕ್ ಪಂಗಡದವರು ಸಣ್ಣ ಗುಂಪಲ್ಲ. 2021ರ ಜನಗಣತಿಯಲ್ಲಿ ಶೇ. 31.6 ಅಂತ ಬಂತು. ಅಂದರೆ ಮೂರರಲ್ಲಿ ಒಬ್ಬರು, ಹತ್ತಿರ ಹತ್ತಿರ.

ಆದರೆ ಅಲ್ಲಿ ಯಾರಾದರೂ ಹಿಂದೆಮುಂದೆ ಏನೂ ಸೇರಿಸದೆ ‘ಪೆಂಟೆಕೋಸ್ಟ್’ ಅಂದರೆ ಅದು ಒಂದೇ ಸಭೆ. ಚರ್ಚ್ ಆಫ್ ಪೆಂಟೆಕೋಸ್ಟ್. ಘಾನಾದಲ್ಲೇ ಹುಟ್ಟಿ ಬೆಳೆದದ್ದು. ಸಭೆಯ ಲೆಕ್ಕದಲ್ಲಿ ಆಗ ಆ ದೇಶದೊಳಗೇ ಸುಮಾರು 30 ಲಕ್ಷ ಜನ. ನಮ್ಮ ಕಾರ್ಖಾನೆಯ ಸ್ಟೋರ್‌ಕೀಪರ್ ಆ ಸಭೆಯವನು. ಕ್ಯಾಷಿಯರ್ ಹೆಂಗಸೂ ಅದೇ ಸಭೆ. ದೇವರ ವಿಚಾರದಲ್ಲಿ ನಮ್ಮ ಮಾಲೀಕರಿಗೆ ಅಷ್ಟೇನೂ ಆಸಕ್ತಿ ಇರಲಿಲ್ಲ. ಆದರೆ ‘ದುಡ್ಡು ಮುಟ್ಟುವ ಕೆಲಸಕ್ಕೆ ಪೆಂಟೆಕೋಸ್ಟ್‌ನವರನ್ನೇ ಹಾಕು, ಕುಡಿಯಲ್ಲ’ ಅನ್ನುತ್ತಿದ್ದರು. ನಾನು ನಕ್ಕಿದ್ದೆ. ಈಗ ಅದೇ ಸಭೆಯ ಜಾಗಕ್ಕೆ ಬ್ಯಾಗು ಕಟ್ಟುತ್ತಿದ್ದೆ.

ಗಾಡಿ ಬಂದದ್ದು ಸಂಜೆ ಐದಕ್ಕೆ, ಸದ್ದಿಲ್ಲದೆ. ಸೈರನ್ ಹಾಕಿರಲಿಲ್ಲ. ಆದರೇನು, ಕಾಂಪೌಂಡಿನವರೆಲ್ಲ ಕಿಟಕಿಯಲ್ಲಿದ್ದರು. ದಿನಾ ಗೇಟು ತೆಗೆಯುವಾಗ ಕೈ ಕುಲುಕುತ್ತಿದ್ದ ವಾಚ್‌ಮ್ಯಾನ್ ಆ ದಿನ ಗೇಟು ತೆಗೆದವನೇ ಹತ್ತು ಹೆಜ್ಜೆ ದೂರ ಹೋಗಿ ನಿಂತ. ಲಾಕ್‌ಡೌನ್ ತೆಗೆದು ತಿಂಗಳಾಗಿದ್ದರಿಂದ ಆಕ್ರಾ ದಾಟಿ ಕಸೋವಾ ತಲುಪುವ ಹೊತ್ತಿಗೆ ಮಾಮೂಲಿನಂತೆ ಟ್ರಾಫಿಕ್ಕು. ಕಿಟಕಿ ಪಕ್ಕದ ಟ್ರೋಟ್ರೋ ವ್ಯಾನಿನಿಂದ ಒಂದು ಮಗು ನನ್ನತ್ತ ಕೈ ಬೀಸಿತು. ಅದರ ಅಮ್ಮ ಆ ಕೈಯನ್ನು ಕೆಳಗೆ ಎಳೆದಳು.

ಕತ್ತಲಾದ ಮೇಲೆ ತಲುಪಿದೆವು. 2013ರಲ್ಲಿ ಉದ್ಘಾಟನೆಯಾದ ದೊಡ್ಡ ಆವರಣ ಅದು. ಸಮಾವೇಶ ನಡೆಸುವ ಸಭಾಂಗಣಗಳು, ಬಂದವರು ಉಳಿದುಕೊಳ್ಳಲು ಕೋಣೆಗಳ ಸಾಲು. ಮಾರ್ಚ್ ಮಧ್ಯದಿಂದ ದೇಶದಲ್ಲಿ ಚರ್ಚು, ಮಸೀದಿ ಎಲ್ಲ ಬಂದ್. ಸಮಾವೇಶ ಎಲ್ಲಿಂದ ಬರಬೇಕು? ಖಾಲಿ ಬಿದ್ದ ಇಡೀ ಜಾಗವನ್ನು ಸಭೆಯವರು ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದರು. ಬಾಡಿಗೆ ಇಲ್ಲ. ಡಾಕ್ಟರು, ನರ್ಸು, ಔಷಧ ಸರ್ಕಾರದ್ದು. ಸೂರು ಸಭೆಯದ್ದು.

ಒಳಗೆ ಹೋಗುವ ಮುಂಚೆ ಒಂದು ಫಾರಂ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನರ್ಸು ಒಂದೊಂದಾಗಿ ಕೇಳುತ್ತಾ ಹೋದಳು. ವಯಸ್ಸು, ಕೆಲಸ, ಮನೆಯಲ್ಲಿ ಯಾರಿದ್ದಾರೆ. ಧರ್ಮದ ಕಾಲಂ ಬಂದಾಗ ನಾನು ಸ್ವಲ್ಪ ತಡೆದು ‘ಹಿಂದೂ’ ಅಂದೆ. ಆಕೆ ತಲೆ ಎತ್ತಲಿಲ್ಲ. ಬರೆದುಕೊಂಡು ಮುಂದಿನ ಪ್ರಶ್ನೆ ಕೇಳಿದಳು: ‘ಸಕ್ಕರೆ ಕಾಯಿಲೆ ಇದೆಯಾ?’

ಹದಿನೆಂಟು ದಿನದಲ್ಲಿ ನನ್ನ ಧರ್ಮದ ಬಗ್ಗೆ ಅಲ್ಲಿನ ವ್ಯವಸ್ಥೆ ಕೇಳಿದ್ದು ಅದೊಂದೇ ಸಲ.

ನನ್ನ ಕೋಣೆಯಲ್ಲಿ ಆಗಲೇ ಒಬ್ಬರಿದ್ದರು. ಅರವತ್ತೈದು ದಾಟಿದವರು, ರಿಟೈರ್ಡ್ ಮೇಷ್ಟ್ರು, ಅಸಮಾಂಕೆಸೆ ಊರಿನವರು. ಎಲ್ಲರೂ ಅವರನ್ನು ‘ಎಲ್ಡರ್’ ಅಂತ ಕರೆಯುತ್ತಿದ್ದರು. ಮೊದಲು ವಯಸ್ಸಿಗೆ ಮರ್ಯಾದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಸಭೆಯಲ್ಲಿ ಅವರ ಹುದ್ದೆ. ಸಂಬಳವಿಲ್ಲದ ಹುದ್ದೆ. ಊರೂರಿನ ಸಭೆಯನ್ನು ದಿನನಿತ್ಯ ನಡೆಸುವವರು ಇಂಥ ಮೇಷ್ಟ್ರು, ದರ್ಜಿ, ಡ್ರೈವರುಗಳು. ಪಾಸ್ಟರ್‌ಗೆ ನಮ್ಮ ತಹಸೀಲ್ದಾರರ ಹಾಗೆ ಕೆಲವು ವರ್ಷಕ್ಕೊಮ್ಮೆ ವರ್ಗ. ಎಲ್ಡರ್ ಎಲ್ಲಿಗೂ ಹೋಗುವುದಿಲ್ಲ.

‘ನೀನು ಹುಟ್ಟಿದ್ದು ಯಾವ ವಾರ?’ ಅಂತ ಕೇಳಿದರು. ಅಲ್ಲಿನ ಅಕಾನ್ ಜನರಲ್ಲಿ ಹುಟ್ಟಿದ ವಾರದ ಮೇಲೆ ಹೆಸರು. ನಮ್ಮಮ್ಮ ಹೇಳುತ್ತಿದ್ದದ್ದು ನೆನಪಿತ್ತು. ಗುರುವಾರ ಅಂದೆ.

‘ಹಾಗಾದರೆ ನೀನು ಯಾವ್.’

ಯಾವ್! ಕನ್ನಡದಲ್ಲಿ ಅದು ಹೆಸರಲ್ಲ, ಪ್ರಶ್ನೆ. ಯಾವ ಊರು, ಯಾವ ಜಾತಿ, ಯಾವ ಕಡೆಯವನು. ಅರ್ಥ ಹೇಳಿದೆ. ಅವರು ಕೆಮ್ಮು ಬರುವವರೆಗೆ ನಕ್ಕರು. ಕೊರೊನಾ ಇರುವವರು ನಗುವುದೂ ಅಪಾಯ ಅಂತ ಆಗ ತಿಳಿಯಿತು. ಅಂದಿನಿಂದ ಆ ಸಾಲಿನ ಕೋಣೆಗಳವರಿಗೆಲ್ಲ ನಾನು ಯಾವ್.

ದಿನಗಳು ಒಂದೇ ತರ. ಬೆಳಿಗ್ಗೆ ಟೆಂಪರೇಚರ್, ಆಕ್ಸಿಜನ್. ಜಿಂಕ್ ಮಾತ್ರೆ, ವಿಟಮಿನ್ ಸಿ. ಆಮೇಲೆ ಕೋಣೆ ಮುಂದೆ ಊಟದ ಡಬ್ಬಿ. ಬೆಳಗಿನ ತಿಂಡಿ ಕೋಕೊ, ಕೂಸೆ. ಕೋಕೊ ಅಂದರೆ ಚಾಕೊಲೇಟ್ ಅಲ್ಲ, ಸಜ್ಜೆ ಹಿಟ್ಟು ಹುಳಿ ಬರಿಸಿ ಶುಂಠಿ ಹಾಕಿ ಕಾಯಿಸಿದ ಗಂಜಿ. ನಮ್ಮ ಅಂಬಲಿಯ ಅಣ್ಣ. ಕೂಸೆ ಅಂದರೆ ಅಲಸಂದೆ ರುಬ್ಬಿ ಕರಿದ ವಡೆ. ಮಧ್ಯಾಹ್ನ ಮಾತ್ರ ಕಷ್ಟ. ನಾನು ಸಸ್ಯಾಹಾರಿ. ಊಟ ತರುವ ಆಂಟಿಗೆ ಹೇಳಿದೆ. ‘ಮಾಂಸ ಹಾಕಿಲ್ಲ, ಬರೀ ಮೀನು’ ಅಂದರು. ಮಾರನೆಯ ದಿನ ಮತ್ತೆ ಹೇಳಿದೆ. ಈ ಸಲ ಮೀನು ಕಾಣಲಿಲ್ಲ, ಅದರ ಪುಡಿ ಸಾರಿನೊಳಗಿತ್ತು. ಮೂರನೆಯ ದಿನ ಆಕೆ ಬಾಗಿಲಿನಿಂದಲೇ ಡಬ್ಬಿ ಎತ್ತಿ ತೋರಿಸಿ, ‘ಯಾವ್, ಇದಕ್ಕೆ ಕಣ್ಣೂ ಇಲ್ಲ, ಮುಳ್ಳೂ ಇಲ್ಲ’ ಅಂದರು. ಅಲಸಂದೆ ಗೊಜ್ಜು, ಕರಿದ ಬಾಳೆ. ಆಮೇಲೆ ಕೊನೆಯವರೆಗೂ ನನಗೆ ಬೇರೆ ಡಬ್ಬಿ ಬಂತು. ಮೇಲೆ ಮಾರ್ಕರಿನಲ್ಲಿ ‘ಯಾವ್’ ಅಂತ ಬರೆದಿರುತ್ತಿದ್ದರು.

ನಾನು ಹೋದ ಮೂರನೆಯ ದಿನಕ್ಕೆ ರಂಜಾನ್ ಮುಗಿಯಿತು. ಪಕ್ಕದ ಕೋಣೆಯಲ್ಲಿ ಆಕ್ರಾದ ನೀಮಾ ಕಡೆಯ ಲಾರಿ ಡ್ರೈವರ್ ಒಬ್ಬನಿದ್ದ. ಮೇ 24, ಭಾನುವಾರ, ಈದ್. ಅವನು ಹೊರಗಿನ ಉದ್ದನೆ ಪಡಸಾಲೆಯಲ್ಲಿ ಬೆಡ್‌ಶೀಟ್ ಹಾಸಿ ನಮಾಜು ಮಾಡಿದ. ಅದೇ ಹೊತ್ತಿಗೆ ನಮ್ಮ ಎಲ್ಡರ್ ಫೋನಿನಲ್ಲಿ ಭಾನುವಾರದ ಆರಾಧನೆ ಕೇಳುತ್ತಿದ್ದರು. ಅವನ ನಮಾಜು ಮುಗಿಯುವವರೆಗೆ ವಾಲ್ಯೂಮ್ ಇಳಿಸಿದರು. ಮುಗಿದ ಮೇಲೆ ಬಾಗಿಲಲ್ಲಿ ನಿಂತು ಹಬ್ಬದ ಶುಭಾಶಯ ಕೂಗಿದರು. ಆಮೇಲೆ ವಾಲ್ಯೂಮ್ ಮೊದಲಿಗಿಂತ ಜಾಸ್ತಿ ಮಾಡಿದರು. ಅದು ಅವರ ಲೆಕ್ಕಾಚಾರ.

ರಾತ್ರಿ ಪ್ರಾರ್ಥನೆ ಬೇರೆ. ಒಂಬತ್ತಕ್ಕೆ ವಾಟ್ಸಾಪಿನಲ್ಲಿ ಊರಿನವರೆಲ್ಲ ಸೇರುತ್ತಿದ್ದರು. ಮೊದಲು ಹಾಡು. ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥನೆ. ಆಮೇಲೆ ಒಂದೇ ಸಲ ಎಲ್ಲರೂ. ‘ಬೆಂಕಿ! ಬೆಂಕಿ!’ ಅಂತ ವೈರಸ್ ಮೇಲೆ ಕೂಗುತ್ತಿದ್ದರು. ಫೋನಿನ ಪುಟ್ಟ ಸ್ಪೀಕರ್ ಒಡೆದುಹೋಗುತ್ತೇನೋ ಅನ್ನಿಸುತ್ತಿತ್ತು. ಎಲ್ಡರ್ ಮಾಸ್ಕ್ ಹಾಕಿಕೊಂಡೇ ಕೂಗುತ್ತಿದ್ದರು. ನನಗೆ ತೊಂದರೆ ಆಗದಿರಲಿ ಅಂತ. ಒಂದು ರಾತ್ರಿ ಆ ಕೂಗಿನ ನಡುವೆ ‘ಯಾವ್’ ಅಂತ ಕೇಳಿಸಿತು. ನಾನೆಂದೂ ನೋಡದ ಅಸಮಾಂಕೆಸೆಯ ಯಾರೋ ಹೆಂಗಸರು ನನ್ನ ಶ್ವಾಸಕೋಶಕ್ಕಾಗಿ ದೇವರ ಜೊತೆ ಜಗಳಕ್ಕೆ ನಿಂತಿದ್ದರು. ನಗು ಬಂತು. ಆಮೇಲೆ ನಗು ನಿಂತಿತು, ಗೋಡೆ ಕಡೆ ತಿರುಗಿ ಮಲಗಿದೆ.

ಒಂದು ಮಧ್ಯಾಹ್ನ ಅವರನ್ನು ಕೆಣಕಿದೆ. ‘ದೇವರು ವಾಸಿ ಮಾಡುತ್ತಾನೆ ಅಂತೀರಿ. ಮತ್ತೆ ಈ ಮಾತ್ರೆ ಯಾಕೆ ಎಲ್ಡರ್?’

ಅವರು ಎದ್ದು ಕೂತರು. ಮೇಷ್ಟ್ರು ಅಲ್ವಾ, ಪಾಠ ಶುರುವಾಯಿತು.

ಅವರ ಊರಲ್ಲಿ ಪೀಟರ್ ಅನಿಮ್ ಅನ್ನುವವರ ಪ್ರಾರ್ಥನಾ ಗುಂಪಿತ್ತು. ಕಾಯಿಲೆಗೆ ಪ್ರಾರ್ಥನೆ ಬಿಟ್ಟು ಬೇರೆ ಔಷಧ ಇಲ್ಲ ಅಂತ ನಂಬಿದ್ದ ಗುಂಪು. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಕೂಡ ಮುಟ್ಟುತ್ತಿರಲಿಲ್ಲ. ಬ್ರಿಟನ್ನಿನ ಅಪೊಸ್ತಲಿಕ್ ಚರ್ಚಿಗೆ ಕಾಗದ ಬರೆದು, ನಮಗೊಬ್ಬ ಮಿಷನರಿ ಕಳಿಸಿ ಅಂತ ಕೇಳಿದರು. 1937ರಲ್ಲಿ ಜೇಮ್ಸ್ ಮೆಕ್‌ಕ್ಯೋನ್ ಬಂದರು. ಬಂದ ಕೆಲವೇ ತಿಂಗಳಿಗೆ ಅವರಿಗೆ ಮಲೇರಿಯಾ ಹಿಡಿಯಿತು. ಸಾಯುವ ಸ್ಥಿತಿ. ಆಕ್ರಾದ ಆಸ್ಪತ್ರೆಗೆ ಸಾಗಿಸಿ ಔಷಧ ಕೊಡಿಸಿದರು. ಬದುಕಿದರು. ಊರಲ್ಲಿ ಅದೇ ಗಲಾಟೆ. ದೇವರ ಮನುಷ್ಯ ಅಂತ ಕರೆಸಿಕೊಂಡವನೇ ಔಷಧ ಕುಡಿದನಲ್ಲ! ಮಾತು ಬೆಳೆದು 1939ರಲ್ಲಿ ಗುಂಪು ಒಡೆಯಿತು. ಅನಿಮ್ ಅವರ ಕಡೆಯವರು ಕ್ರೈಸ್ಟ್ ಅಪೊಸ್ತಲಿಕ್ ಚರ್ಚ್ ಆದರು. ಮೆಕ್‌ಕ್ಯೋನ್ ಕಡೆಯವರು ಮುಂದೆ ಬ್ರಿಟನ್ನಿನ ತಾಯಿಸಭೆಯ ಜೊತೆಗೂ ಜಗಳವಾಡಿ, ಕೊನೆಗೆ ದೇಶದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರೂಮಾ ಅವರ ಸರ್ಕಾರವೇ ನಡುವೆ ಬಂದ ಮೇಲೆ, 1962ರಲ್ಲಿ ಚರ್ಚ್ ಆಫ್ ಪೆಂಟೆಕೋಸ್ಟ್ ಅಂತ ಹೆಸರು ಇಟ್ಟುಕೊಂಡರು.

‘ನಮ್ಮಪ್ಪ ಔಷಧ ಮುಟ್ಟದವರ ಕಡೆ ಇದ್ದರು’ ಅಂದರು ಎಲ್ಡರ್. ‘ನಾನು ಹುಟ್ಟುವ ಹೊತ್ತಿಗೆ ಈ ಕಡೆ ಬಂದರು. ನನ್ನ ಅದೃಷ್ಟ.’ ಜಿಂಕ್ ಮಾತ್ರೆಯ ಸ್ಟ್ರಿಪ್ ಎತ್ತಿ ನನಗೆ ತೋರಿಸಿ, ಒಂದನ್ನು ಬಾಯಿಗೆ ಹಾಕಿಕೊಂಡರು.

ಔಷಧ ಕುಡಿಯಬಹುದೋ ಇಲ್ಲವೋ ಅನ್ನುವ ಜಗಳದಲ್ಲಿ ಬೇರೆಯಾದವರ ಸಭೆ ಇದು. ಎಂಬತ್ತು ವರ್ಷದ ಮೇಲೆ ತನ್ನ ಸಮಾವೇಶದ ಜಾಗವನ್ನೇ ಆಸ್ಪತ್ರೆ ಮಾಡಿಕೊಳ್ಳಿ ಅಂತ ಕೀಲಿಕೈ ಕೊಟ್ಟಿತ್ತು. ನಾನು ಅದರ ಹಾಸಿಗೆಯ ಮೇಲೆ ಮಲಗಿದ್ದೆ.

ಈಗ ನನ್ನ ಕಥೆ ಸ್ವಲ್ಪ. ನಾನು ಹೈಸ್ಕೂಲು ಓದಿದ್ದು ಸಿದ್ಧಗಂಗಾ ಮಠದಲ್ಲಿ. ಸಾವಿರಾರು ಹುಡುಗರ ಜೊತೆ ಸಾಲಾಗಿ ಕೂತು ಉಂಡವನು. ಜಾತಿ ಕೇಳದೆ ಬಡಿಸುತ್ತಿದ್ದರು, ಬಿಲ್ ಕೊಡುತ್ತಿರಲಿಲ್ಲ. ಸಂಜೆ ಪ್ರಾರ್ಥನೆಗೆ ಮಾತ್ರ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಸ್ವಾಮೀಜಿ 2019ರ ಜನವರಿಯಲ್ಲಿ ಹೋದಾಗ ನಾನು ತೆಮಾದಲ್ಲಿ ಕೂತು ಫೋನಿನಲ್ಲಿ ಆ ಜನಸಾಗರ ನೋಡುತ್ತಾ ಅತ್ತಿದ್ದೆ. ಹಾಗಾಗಿ ಇಂಥ ಅನ್ನದ ರುಚಿ ನನಗೆ ಹೊಸದಲ್ಲ. ಅದರ ತೂಕವೂ ಹೊಸದಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಅಂತ ನಮ್ಮಲ್ಲಿ ಗಾದೆ ಇದೆ. ಅನ್ನ ಹಾಕಿದವರ ಸೂರು ನೋಡಿ ತೊಲೆ ಎಷ್ಟು, ಹುಳು ಎಲ್ಲಿ ಹಿಡಿದಿದೆ ಅಂತ ಲೆಕ್ಕ ಹಾಕುವುದು ಕೃತಘ್ನತೆ. ಆದರೆ ಹದಿನೆಂಟು ದಿನ ಮಲಗಿದವನಿಗೆ ಸೂರು ಬಿಟ್ಟು ನೋಡಲು ಇನ್ನೇನಿರುತ್ತೆ?

ಎಣಿಸಿದೆ.

ಎಲ್ಡರ್ ಜೈಲು ಸೇವೆಗೆ ಹೋಗುತ್ತಿದ್ದವರು. ಸೋಪು, ಬೇಳೆ ಹಿಡಿದುಕೊಂಡು. ಒಬ್ಬ ಕೈದಿಯ ಇಡೀ ದಿನದ ಊಟಕ್ಕೆ ಆಗ ಸರ್ಕಾರ ಕೊಡುತ್ತಿದ್ದದ್ದು 1 ಸೆಡಿ 80 ಪೆಸೆವಾ. ಅಷ್ಟರಲ್ಲಿ ರಸ್ತೆ ಬದಿಯ ಒಂದು ಹೊತ್ತಿನ ಊಟವೂ ಆಗದು. ಎನ್‌ಸವಾಂ ಜೈಲು ಕಟ್ಟಿದ್ದು 700 ಚಿಲ್ಲರೆ ಜನಕ್ಕೆ, ಆಗ ತುಂಬಿದ್ದದ್ದು 3,000ಕ್ಕೂ ಜಾಸ್ತಿ. ಮಲಗಿದವರು ಮಗ್ಗುಲು ಬದಲಿಸಬೇಕಾದರೆ ಪಕ್ಕದವನೂ ಬದಲಿಸಬೇಕು ಅನ್ನುತ್ತಿದ್ದರು. ಅದಕ್ಕೆ ಸಭೆಯೇ ಜೈಲು ಕಟ್ಟುತ್ತಿದೆ ಅಂದರು. ನನಗೆ ಕೇಳಿದ್ದು ತಪ್ಪಾಯಿತೇನೋ ಅನ್ನಿಸಿತು. ದೇವಸ್ಥಾನ, ಶಾಲೆ, ಛತ್ರ ಕಟ್ಟುವುದು ಗೊತ್ತು. ಜೈಲು?

‘ಹೌದು, ಜೈಲು. ಹೊಲ, ವರ್ಕ್‌ಶಾಪು ಇರುವ ಕ್ಯಾಂಪು. ಕಟ್ಟಿ ಸರ್ಕಾರಕ್ಕೆ ಕೊಡುತ್ತೇವೆ.’ ಸುಮ್ನೆ ಹೇಳುತ್ತಿದ್ದಾರೆ ಅಂದುಕೊಂಡೆ. ಮರುವರ್ಷ, 2021ರಲ್ಲಿ, ಎಜುರಾದಲ್ಲಿ ಕಟ್ಟಿದ ಜೈಲನ್ನು ನಿಜವಾಗಿಯೂ ಹಸ್ತಾಂತರಿಸಿದರು. ಪೇಪರಿನಲ್ಲಿ ಫೋಟೊ ಬಂತು.

ಒಳ್ಳೆಯ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಕೋಣೆಯಲ್ಲಿ ಮಲಗಿ ನಾನು ಯೋಚಿಸಿದ್ದು ಇದು: ಜೈಲು ಸಭೆ ಕಟ್ಟಿದರೆ, ರಸ್ತೆಯ ಕಸ ಸಭೆ ಗುಡಿಸಿದರೆ, ಯೂನಿವರ್ಸಿಟಿ ಸಭೆ ನಡೆಸಿದರೆ, ಸಾಂಕ್ರಾಮಿಕ ಬಂದಾಗ ಹಾಸಿಗೆಯೂ ಸಭೆಯದ್ದೇ ಆದರೆ, ಸರ್ಕಾರ ನಡೆಸುವವರಿಗೆ ಎಷ್ಟು ಆರಾಮ! ಈ ಮಾತು ಎಲ್ಡರ್ ಮುಂದೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ‘ಯಾವ್, ಚರಂಡಿ ಕಟ್ಟಿಕೊಂಡಿದೆ. ಅದು ಯಾರ ಕೆಲಸ ಅಂತ ತೀರ್ಮಾನ ಆಗುವವರೆಗೆ ಸೊಳ್ಳೆ ಕಾಯುತ್ತಾ?’ ಅಂದರು. ಮೆಂಟೆನೆನ್ಸ್‌ನವನಿಗೆ ಈ ಮಾತು ಬೇಗ ಅರ್ಥವಾಗುತ್ತೆ. ಆದರೆ ಪ್ರತಿಸಲ ಟೇಪು ಸುತ್ತಿ ಪೈಪು ನಿಲ್ಲಿಸುತ್ತಾ ಹೋದರೆ ಮಾಲೀಕರು ಹೊಸ ಪೈಪು ಕೊಡಿಸುವುದಿಲ್ಲ ಅನ್ನುವುದೂ ಮೆಂಟೆನೆನ್ಸ್‌ನವನಿಗೇ ಗೊತ್ತು.

ಇಷ್ಟು ದೊಡ್ಡ ಸಭೆ ಒಂದು ವಿಷಯದಲ್ಲಿ ಮನಸ್ಸು ಬದಲಿಸಿದರೆ ಊರಿನ ಬೀದಿಯೂ ಸ್ವಲ್ಪ ಬದಲಾಗುತ್ತೆ. 2010ರವರೆಗೆ ಅಲ್ಲಿ ಆರಾಧನೆಗೆ ಬರುವ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕಿತ್ತು. ಆ ವರ್ಷ, ಕಡ್ಡಾಯವಿಲ್ಲ ಅಂತ ಮೇಲಿನಿಂದ ಸುತ್ತೋಲೆ ಬಂತು. ಎಲ್ಡರ್ ಹೆಂಡತಿ ಹತ್ತು ವರ್ಷವಾದರೂ ಕಟ್ಟುವುದು ಬಿಟ್ಟಿರಲಿಲ್ಲ. ಮಗಳು ಮಾರನೆಯ ಭಾನುವಾರವೇ ಬಿಟ್ಟಳಂತೆ. ‘ಆ ಭಾನುವಾರ ಮನೆಯಲ್ಲಿ ಊಟ ತಡವಾಯಿತು’ ಅಂತ ಅಷ್ಟೇ ಹೇಳಿದರು.

ಇನ್ನು ಟೆಸ್ಟಿನ ಕಥೆ. ಆಗಿನ ನಿಯಮದ ಪ್ರಕಾರ ಹೊರಗೆ ಹೋಗಬೇಕಾದರೆ ಒಂದರ ಹಿಂದೆ ಒಂದು, ಎರಡು ನೆಗೆಟಿವ್ ಬರಬೇಕು. ಹಾವು ಏಣಿ ಆಟ. ಎಲ್ಡರ್‌ಗೆ ಒಂದು ನೆಗೆಟಿವ್ ಬಂತು. ಬ್ಯಾಗು ಕಟ್ಟಿದರು. ಎರಡನೆಯದು ಪಾಸಿಟಿವ್. ಬ್ಯಾಗು ಬಿಚ್ಚಿದರು. ನನಗೆ ಮೊದಲನೆಯದೇ ಪಾಸಿಟಿವ್. ಮೈಯಲ್ಲಿ ಏನೂ ಇಲ್ಲ. ನಡೆಯುತ್ತೇನೆ, ತಿನ್ನುತ್ತೇನೆ, ಆವರಣದಲ್ಲಿ ಬಿಟ್ಟಷ್ಟು ದೂರ ಸುತ್ತುತ್ತೇನೆ. ಆದರೆ ಹಾಳೆ ಹೇಳುತ್ತೆ ಇಲ್ಲ ಅಂತ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಎಲ್ಲಿದ್ದೇನೆ ಅಂತ ಹೇಳಿರಲಿಲ್ಲ. ‘ಯಾರದು ಹಿಂದೆ ಹಾಡೋದು?’ ಅಂತ ಕೇಳಿದರು. ಪಕ್ಕದ ಮನೆಯವರು ಅಂದೆ. ಹೆಚ್ಚುಕಮ್ಮಿ ನಿಜವೇ.

ಹನ್ನೆರಡನೆಯ ಬೆಳಿಗ್ಗೆ ಡಬ್ಬಿ ತೆಗೆದಾಗ ಏನೋ ವಿಚಿತ್ರ ಅನ್ನಿಸಿತು. ಒಂದು ಕ್ಷಣ ಏನೆಂದು ತಿಳಿಯಲಿಲ್ಲ. ಎಣ್ಣೆ. ಕರಿದ ಎಣ್ಣೆಯ ವಾಸನೆ. ಕೂಸೆಯನ್ನು ಮೂಗಿಗೆ ಒತ್ತಿಕೊಂಡು ಕೂತೆ. ಎಲ್ಡರ್ ಕೈ ಎತ್ತಿ ‘ಹಲ್ಲೆಲೂಯಾ’ ಅಂದರು. ಅದು ಪ್ರಾರ್ಥನೆಗೆ ಸಿಕ್ಕಿದ್ದು ಅಂತ ಅವರ ಲೆಕ್ಕ. ಹನ್ನೆರಡು ದಿನಕ್ಕೆ ಬರಬೇಕಾದ್ದು ಬಂತು ಅಂತ ನನ್ನದು. ವಾದ ಮಾಡಲಿಲ್ಲ. ಬಾಯಲ್ಲಿ ಕೂಸೆ ಇತ್ತು.

ನನಗೆ ಎರಡು ನೆಗೆಟಿವ್ ಬಂದದ್ದು 18ನೆಯ ದಿನ. ಅದಕ್ಕೆ ಮೂರು ದಿನ ಮುಂಚೆ ಎಲ್ಡರ್ ಹೋಗಿದ್ದರು. ಒಂದು ಪತ್ರ ಕೊಟ್ಟರು, ಇವನಿಂದ ಯಾರಿಗೂ ಅಪಾಯವಿಲ್ಲ ಅಂತ. ನಾನು ಅಭ್ಯಾಸಬಲದಿಂದ ಪರ್ಸು ತೆಗೆದು, ‘ಬಿಲ್ ಎಲ್ಲಿ ಕಟ್ಟಬೇಕು?’ ಅಂತ ಕೇಳಿದೆ. ನರ್ಸು ಪಕ್ಕದವಳ ಮುಖ ನೋಡಿದಳು. ಇಬ್ಬರೂ ನಕ್ಕರು. ‘ಯಾವ್, ಇಲ್ಲಿ ಕೌಂಟರೇ ಇಲ್ಲ. ಗಾಡಿ ಹತ್ತಿ.’

ಪತ್ರ ಇದ್ದರೇನು, ಮನೆ ಓನರಮ್ಮ ಒಂದು ವಾರ ನೀರಿನ ಟ್ಯಾಂಕಿನ ಹತ್ತಿರ ಬಿಡಲಿಲ್ಲ. ಕಾರ್ಖಾನೆಯಲ್ಲಿ ಸಂಬಳದ ಕವರನ್ನು ನೆಲದ ಮೇಲಿಟ್ಟು ಹಿಂದೆ ಸರಿದರು. ಅದನ್ನು ಬಗ್ಗಿ ಎತ್ತಿಕೊಂಡದ್ದು ಇವತ್ತಿಗೂ ಬೆನ್ನಲ್ಲಿ ಕೂತಿದೆ. ಬಾಗಿಲಿಗೆ ಮೊದಲು ಬಂದದ್ದು ಸ್ಟೋರ್‌ಕೀಪರ್. ಅಕ್ಕಿ, ಎಣ್ಣೆ, ಟೊಮೆಟೊ. ಅವನ ಸಭೆಯ ಹೆಂಗಸರು ಕೊಟ್ಟು ಕಳಿಸಿದ್ದು. ಎಲ್ಡರ್ ಅಸಮಾಂಕೆಸೆಯಿಂದ ಫೋನ್ ಮಾಡಿ ಹೇಳಿದ್ದರಂತೆ. ಎಷ್ಟು ಜನರ ಕೈ ದಾಟಿ ಆ ಮಾತು ತೆಮಾದ ನನ್ನ ಗಲ್ಲಿಗೆ ತಲುಪಿತೋ! ಸಭೆಯ ಪ್ರಭಾವ ಅಂದರೆ ನನಗೆ ಈಗಲೂ ಕಣ್ಣಿಗೆ ಬರುವುದು ಆ ಟೊಮೆಟೊ ಚೀಲ.

ಇನ್ನೊಂದು ಜಂತೆ ಎಣಿಸುವುದಿದೆ. 2021ರಲ್ಲಿ ಘಾನಾದ ಪಾರ್ಲಿಮೆಂಟಿಗೆ ಒಂದು ಮಸೂದೆ ಬಂತು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಜೈಲು, ಅಂಥವರ ಪರ ಮಾತಾಡಿದರೂ ಜೈಲು ಅನ್ನುವ ಮಸೂದೆ. ಪೆಂಟೆಕೋಸ್ಟಲ್ ಸಭೆಗಳ ಒಕ್ಕೂಟ, ಉಳಿದ ದೊಡ್ಡ ಚರ್ಚುಗಳು ಒಟ್ಟಾಗಿ ಬೆಂಬಲಿಸಿದವು. 2024ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾಯಿತು. ಆಗಿನ ಅಧ್ಯಕ್ಷರು ಸಹಿ ಹಾಕಲಿಲ್ಲ ಅನ್ನುವುದು ಬೇರೆ ಮಾತು. ಮಸೂದೆ ಬಂದ ವರ್ಷ ನಮ್ಮ ಪ್ಯಾಕಿಂಗ್ ವಿಭಾಗದ ಒಬ್ಬ ಹುಡುಗ ಕೆಲಸ ಬಿಟ್ಟು, ಊರು ಬಿಟ್ಟು ಹೋದ. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಎಲ್ಡರ್ ಫೋನ್ ಮಾಡಿದಾಗ ಆ ವಿಷಯ ತೆಗೆದೆ. ನಿಮ್ಮ ಸಭೆ ಜೈಲು ಕಟ್ಟಿ ಕೈದಿಗೆ ಹಾಸಿಗೆ ಕೊಡುತ್ತೆ, ಜೈಲಿಗೆ ಇನ್ನಷ್ಟು ಜನ ಬರಲಿ ಅಂತಲೂ ಕೇಳುತ್ತೆ, ಇದು ಹೇಗೆ ಅಂದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಬೈಬಲಿನ ಒಂದು ವಾಕ್ಯ ಹೇಳಿದರು. ನಾನು ಒಪ್ಪಲಿಲ್ಲ. ಅವರೂ ಬಿಡಲಿಲ್ಲ. ಎರಡು ತಿಂಗಳು ಫೋನ್ ಬರಲಿಲ್ಲ. ಮೂರನೆಯ ತಿಂಗಳು ಒಂದು ಗುರುವಾರ ಫೋನ್ ಬಂತು. ‘ಯಾವ್, ಇವತ್ತು ನಿನ್ನ ದಿನ.’ ಹವಾಮಾನದ ಬಗ್ಗೆ ಮಾತಾಡಿದೆವು.

ಕೆಲಸ ಮುಗಿಸಿ ವಾಪಸ್ ಬರುವ ಮುಂಚೆ ಅವರನ್ನು ನೋಡಲು ಅಸಮಾಂಕೆಸೆಗೆ ಹೋದೆ. ಬೇಕೆಂದೇ ಭಾನುವಾರ. ಬಿಲ್ ಕಟ್ಟದೆ ಬಂದ 18 ದಿನ ಒಳಗೊಳಗೇ ಕೊರೆಯುತ್ತಿತ್ತು. ಕಾಣಿಕೆ ಡಬ್ಬಿಗೆ ಹಾಕಿ ಬಂದುಬಿಡೋಣ ಅಂತ 500 ಸೆಡಿ ಕವರಿನಲ್ಲಿಟ್ಟುಕೊಂಡಿದ್ದೆ. ಆ ದಿನ ಅಲ್ಲಿ ವಿಶೇಷ ಕಾಣಿಕೆ. ಹುಟ್ಟಿದ ವಾರದ ಪ್ರಕಾರ ಗುಂಪು. ಸೋಮವಾರದವರು ಒಂದು ಸಾಲು, ಮಂಗಳವಾರದವರು ಒಂದು ಸಾಲು. ಕುಣಿಯುತ್ತಾ ಬಂದು ಬುಟ್ಟಿಗೆ ಹಾಕಬೇಕು. ಯಾವ ವಾರದವರು ಜಾಸ್ತಿ ಕೊಟ್ಟರು ಅಂತ ಕೊನೆಗೆ ಮೈಕಿನಲ್ಲಿ ಹೇಳುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಅಡಗಿ ಕೂತಿದ್ದೆ. ಗುರುವಾರದ ಸರದಿ ಬಂದಾಗ ಮುಂದಿನ ಸಾಲಿನಿಂದ ಎಲ್ಡರ್ ಹೆಂಡತಿ, ತಲೆಗೆ ಬಟ್ಟೆ ಕಟ್ಟಿದ್ದವರು, ಹಿಂದೆ ತಿರುಗಿ ‘ಯಾವ್!’ ಅಂತ ಕೂಗಿದರು. ಆ ದನಿ ಗೊತ್ತಿತ್ತು. ರಾತ್ರಿ ಒಂಬತ್ತರ ಫೋನಿನ ದನಿ.

ಎದ್ದೆ. ಬಿಳಿ ಕರವಸ್ತ್ರ ಒಂದನ್ನು ಯಾರೋ ಕೈಗೆ ಕೊಟ್ಟರು. ಡ್ರಮ್ಮಿಗೆ ಸರಿಯಾಗಿ ಹೆಜ್ಜೆ ಹಾಕಲು ನೋಡಿದೆ. ಬಂದದ್ದು ನಮ್ಮೂರ ಗಣಪತಿ ಮೆರವಣಿಗೆಯ ಹೆಜ್ಜೆ. ಮಕ್ಕಳು ನಕ್ಕರು. ಬುಟ್ಟಿಗೆ ಕವರ್ ಹಾಕಿ ಬಂದು ಕೂತೆ.

ಲೆಕ್ಕ ಹೇಳಿದರು. ಶುಕ್ರವಾರದವರು ಮೊದಲು. ಗುರುವಾರದವರು ಕೊನೆಯಿಂದ ಎರಡನೆಯವರು.